ಕಲಿತುದನ್ನು ತೋರಿಸುವ ಬಗೆ: ಪ್ರಾಥಮಿಕ ಶಾಲೆಯಲ್ಲಿ ಡಿಜಿಟಲ್ ಸಾಧನಗಳ ಸ್ಥಾನ

ಮಗುವಿಗೆ ಪಾಠ ಹೇಳುವುದು ಕಷ್ಟ, ಅದು ಕಲಿತಿದೆಯೆ ಇಲ್ಲವೆ ಎಂದು ತಿಳಿಯುವುದು ಸುಲಭ ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ವರ್ಷದ ಕೊನೆಯಲ್ಲಿ ಪ್ರಶ್ನಪತ್ರಿಕೆಯೊಂದನ್ನು ಕೊಟ್ಟು, ಬಂದ ಉತ್ತರಗಳನ್ನು ತಿದ್ದಿ, ನೂರಕ್ಕೆ ಇಷ್ಟು ಎಂದು ಬರೆದುಬಿಟ್ಟರೆ ಆ ಕೆಲಸ ಮುಗಿಯಿತೆಂದು ಬಹುಕಾಲದಿಂದ ನಂಬಿಕೊಂಡು ಬಂದಿದ್ದೇವೆ. ಕಾಲೇಜುಗಳ ಮಟ್ಟಿಗೆ ಈ ನಂಬಿಕೆಯಲ್ಲಿ ಸ್ವಲ್ಪ ಸತ್ಯಾಂಶವಿರಬಹುದು. ಪ್ರಾಥಮಿಕ ಶಾಲೆಯ ಮಟ್ಟಿಗಾದರೋ ಅದು ದಾರಿ ತಪ್ಪಿಸುವಂಥದು. ಏಕೆಂದರೆ ಏಳೆಂಟು ವರ್ಷದ ಮಗುವಿನಲ್ಲಿ ತಿಳಿವಳಿಕೆಗೂ ಬರವಣಿಗೆಗೂ ನಡುವೆ ದೊಡ್ಡ ಅಂತರವಿರುತ್ತದೆ. ಮೋಡ ಹೇಗೆ ಕಟ್ಟುತ್ತದೆಂಬುದನ್ನು ಕೈಬಾಯಿ ಆಡಿಸಿ ಸೊಗಸಾಗಿ ವಿವರಿಸಬಲ್ಲ ಮಗು, ಅದನ್ನೇ ಬರೆಯಹೇಳಿದರೆ ಎರಡು ಸಾಲಿಗೇ ನಿಂತುಬಿಡುತ್ತದೆ. ಪಾಠದ ಸಾಲುಗಳನ್ನು ಬಾಯಿಪಾಠ ಮಾಡಿ ಅಚ್ಚುಕಟ್ಟಾಗಿ ಬರೆದ ಮಗುವಿಗೆ ಅದರ ಅರ್ಥವೇ ಹೊಳೆಯದಿರುವುದೂ ಉಂಟು. ಮೊದಲನೆಯ ಮಗುವಿಗೆ ನಾವು ಕಡಮೆ ಅಂಕ ಕೊಡುತ್ತೇವೆ, ಎರಡನೆಯದಕ್ಕೆ ಹೆಚ್ಚು ಕೊಡುತ್ತೇವೆ. ಎರಡೂ ಕಡೆ ತಪ್ಪುತ್ತೇವೆ.

ಈ ಅಂತರವನ್ನು ದಾಟಲು ಮಗುವಿಗೆ ಬರವಣಿಗೆಯಲ್ಲದೆ ಬೇರೆ ದಾರಿಗಳನ್ನೂ ತೆರೆಯಬಹುದೆಂಬ ಆಸೆಯಿಂದ ಗಣಕಯಂತ್ರ, ಟ್ಯಾಬ್ಲೆಟ್, ಮೊಬೈಲ್ ಮುಂತಾದ ಡಿಜಿಟಲ್ ಸಾಧನಗಳನ್ನು ತರಗತಿಗೆ ತರುವ ಪ್ರಯತ್ನಗಳು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ನಡೆದುಬಂದಿವೆ. ಪ್ರಸ್ತುತ ಲೇಖನದಲ್ಲಿ ನಾವು ವಿಚಾರಿಸಬೇಕೆಂದಿರುವುದು ಮೂರು ಪ್ರಶ್ನೆಗಳನ್ನು. ಯಾವ ಬಗೆಯ ಸಾಧನ ಯಾವ ಬಗೆಯ ತಿಳಿವಳಿಕೆಯನ್ನು ಹೊರಗೆಡಹುತ್ತದೆ? ಹಾಗೆ ಹೊರಬಂದುದನ್ನು ಕಲಿಕೆಯ ಪ್ರಮಾಣವೆಂದು ಎಷ್ಟರಮಟ್ಟಿಗೆ ನಂಬಬಹುದು? ಕನ್ನಡದಲ್ಲಿ ಕಲಿಯುವ ಮಗುವಿನ ಕೈಗೆ ಇವು ಬಂದಾಗ ಏಳುವ ವಿಶೇಷ ತೊಡಕುಗಳಾವುವು?

೧

ಮೊದಲಿಗೆ ಒಂದು ವಿಂಗಡಣೆಯನ್ನು ಮಾಡಿಕೊಳ್ಳುವುದು ಅವಶ್ಯ. ಶಾಲೆಯಲ್ಲಿ ಯಂತ್ರವು ಮೂರು ಪಾತ್ರಗಳನ್ನು ವಹಿಸಬಲ್ಲುದು. ಪಾಠ ಹೇಳುವ ಉಪಾಧ್ಯಾಯನ ಪಾತ್ರ ಒಂದು. ಪ್ರಶ್ನೆ ಕೇಳಿ ಸರಿತಪ್ಪು ಹೇಳುವ ಪರೀಕ್ಷಕನ ಪಾತ್ರ ಇನ್ನೊಂದು. ಮಗುವಿನ ಕೈಯಲ್ಲಿ ಬಳಪದಂತೆ, ಜೇಡಿಮಣ್ಣಿನಂತೆ ಇದ್ದುಕೊಂಡು ಅದು ಹೇಳಬೇಕೆಂದುದನ್ನು ಹೇಳಲು ಒದಗುವ ಸಾಮಗ್ರಿಯ ಪಾತ್ರ ಮೂರನೆಯದು. ಡಿಜಿಟಲ್ ಶಿಕ್ಷಣ ಎಂಬ ಒಂದೇ ಹೆಸರಿನಲ್ಲಿ ಈ ಮೂರನ್ನೂ ಕಲಸಿಬಿಡುವುದರಿಂದ ಚರ್ಚೆಯಲ್ಲಿ ಬಹಳ ಗೊಂದಲವಾಗಿದೆ.

ಪರೀಕ್ಷಕನ ಪಾತ್ರ ಹಳೆಯದು. ಅಮೆರಿಕದ ಮನಶ್ಶಾಸ್ತ್ರಜ್ಞ ಸಿಡ್ನಿ ಪ್ರೆಸ್ಸಿ ೧೯೨೦ರ ದಶಕದಲ್ಲಿಯೇ, ಕೊಟ್ಟಿರುವ ಉತ್ತರಗಳಲ್ಲಿ ಸರಿಯಾದುದರ ಗುಂಡಿಯನ್ನು ಒತ್ತುವಂಥ ಯಂತ್ರವೊಂದನ್ನು ರಚಿಸಿದ್ದನು. ೧೯೫೦ರ ದಶಕದಲ್ಲಿ ಬಿ. ಎಫ್. ಸ್ಕಿನ್ನರ್ ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಬೋಧನಯಂತ್ರವನ್ನು ಪ್ರಚಾರಕ್ಕೆ ತಂದನು. ಇಂದಿನ ಮೊಬೈಲಿನಲ್ಲಿ ಬಣ್ಣಬಣ್ಣದ ಚಿತ್ರಗಳೊಡನೆ ಬರುವ ಬಹುಮಟ್ಟಿನ ಕ್ವಿಜ್‌ಗಳು ಇದೇ ವಂಶಕ್ಕೆ ಸೇರಿದವು. ಇವುಗಳಿಗೂ ಉಪಯೋಗವಿದೆ. ಮಗ್ಗಿಯಂಥ ವಿಷಯಗಳಲ್ಲಿ ಬೇಗನೆ ಸರಿತಪ್ಪು ತಿಳಿಯುವುದು ಅಭ್ಯಾಸಕ್ಕೆ ಸಹಾಯಕ. ಆದರೆ ನಾಲ್ಕು ಉತ್ತರಗಳಲ್ಲಿ ಒಂದನ್ನು ಮುಟ್ಟಿ ತೋರಿಸಿದ ಮಗು ಏಕೆ ಅದನ್ನೇ ಮುಟ್ಟಿತೆಂಬುದು ಯಂತ್ರಕ್ಕೂ ತಿಳಿಯದು, ನಮಗೂ ತಿಳಿಯದು. ಮಗು ತಾನಾಗಿ ಏನನ್ನೂ ತೋರಿಸಲಿಲ್ಲ. ನಾವು ತೋರಿಸಿದುದರಲ್ಲಿ ಒಂದನ್ನು ಆರಿಸಿತು, ಅಷ್ಟೆ. ಆದಕಾರಣ ಇಲ್ಲಿ ನಾವು ಮುಖ್ಯವಾಗಿ ಮೂರನೆಯ ಪಾತ್ರವನ್ನು ಕುರಿತು ವಿಚಾರ ಮಾಡುತ್ತೇವೆ.

೨

ಯಂತ್ರವನ್ನು ಮಗುವಿನ ಕೈಯ ಸಾಮಗ್ರಿಯನ್ನಾಗಿ ಮಾಡಬೇಕೆಂಬ ಆಲೋಚನೆಗೆ ಸ್ಪಷ್ಟವಾದ ರೂಪ ಬಂದುದು ೧೯೬೭ರಲ್ಲಿ. ಆ ವರ್ಷ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ಸೀಮೋರ್ ಪೇಪರ್ಟ್, ವಾಲಿ ಫೊಯರ್‌ಜೈಗ್, ಸಿಂಥಿಯಾ ಸಾಲೊಮನ್ ಮೊದಲಾದವರು ಮಕ್ಕಳಿಗಾಗಿಯೇ ಲೋಗೊ ಎಂಬ ಗಣಕಭಾಷೆಯನ್ನು ರಚಿಸಿದರು. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಪೇಪರ್ಟ್ ಗಣಿತಜ್ಞ. ಜಿನೀವದಲ್ಲಿ ಜೀನ್ ಪಿಯಾಜೆಯೊಡನೆ ಕೆಲಸಮಾಡಿ ಮಕ್ಕಳ ಆಲೋಚನಾಕ್ರಮವನ್ನು ಹತ್ತಿರದಿಂದ ಅಭ್ಯಾಸಮಾಡಿದವನು. ಮಗು ತಪ್ಪು ಹೇಳಿದಾಗ ಅದನ್ನು ಅಜ್ಞಾನವೆಂದು ತಳ್ಳಿಹಾಕದೆ, ಅದರ ಹಿಂದೆ ಒಂದು ತರ್ಕವಿರಬೇಕೆಂದು ಹುಡುಕುವುದು ಪಿಯಾಜೆಯ ಮಾರ್ಗ. ಲೋಗೊ ಆ ತರ್ಕವನ್ನು ಕಣ್ಣಿಗೆ ಕಾಣುವಂತೆ ಮಾಡಿತು.

ಅದರ ಕ್ರಮ ಹೀಗೆ: ಪರದೆಯ ಮೇಲೆ ಆಮೆಯೊಂದಿರುತ್ತದೆ. ಇಷ್ಟು ಹೆಜ್ಜೆ ಮುಂದೆ ಹೋಗು, ಇಷ್ಟು ಅಂಶ ಬಲಕ್ಕೆ ತಿರುಗು ಎಂದು ಮಗು ಅಪ್ಪಣೆ ಮಾಡಿದಂತೆ ಅದು ಗೆರೆಯೆಳೆಯುತ್ತ ನಡೆಯುತ್ತದೆ. ನೂರು ಹೆಜ್ಜೆ ನಡೆದು ೯೦ ಅಂಶ ತಿರುಗುವುದನ್ನು ನಾಲ್ಕು ಸಲ ಮಾಡಿಸಿದರೆ ಚೌಕ ಸಿದ್ಧವಾಗುತ್ತದೆ. ಈಗ ಸಮಭುಜ ತ್ರಿಭುಜವನ್ನು ಬರೆಯಿಸಲು ಹೇಳಿದರೆ, ಅದರ ಒಳಕೋನ ೬೦ ಅಂಶವೆಂದು ಪಾಠದಲ್ಲಿ ಕಲಿತ ಮಗು ೬೦ ಅಂಶ ತಿರುಗಲು ಅಪ್ಪಣೆ ಮಾಡುತ್ತದೆ. ಆಮೆ ಮೂರು ಗೆರೆ ಎಳೆದರೂ ಹೊರಟ ಜಾಗಕ್ಕೆ ಮರಳುವುದಿಲ್ಲ. ಅದೇ ಅಪ್ಪಣೆಯನ್ನು ಮುಂದುವರಿಸಿದರೆ ಷಟ್ಕೋನ ಮೂಡುತ್ತದೆ. ಆಮೆ ತಿರುಗಬೇಕಾದುದು ಒಳಕೋನದಷ್ಟಲ್ಲ, ಹೊರಕೋನದಷ್ಟು. ಸುತ್ತಿಬರಲು ಒಟ್ಟು ೩೬೦ ಅಂಶ ತಿರುಗಬೇಕಾದುದರಿಂದ ಮೂರು ಮೂಲೆಗಳಲ್ಲಿ ಒಂದೊಂದಕ್ಕೆ ೧೨೦ ಅಂಶ. ಇದನ್ನು ಮಗು ತಾನೇ ಎದ್ದು ನೆಲದ ಮೇಲೆ ತ್ರಿಭುಜಾಕಾರವಾಗಿ ನಡೆದು ಕಂಡುಕೊಳ್ಳಬಹುದು.

ಇಲ್ಲಿ ಗಮನಿಸಬೇಕಾದ ಅಂಶವಿದು. ‘ಸಮಭುಜ ತ್ರಿಭುಜದ ಕೋನವೆಷ್ಟು?’ ಎಂಬ ಲಿಖಿತ ಪ್ರಶ್ನೆಗೆ ಈ ಮಗು ಸರಿಯಾದ ಉತ್ತರವನ್ನೇ ಬರೆದು ಪೂರ್ಣ ಅಂಕ ಪಡೆಯುತ್ತಿತ್ತು. ಕೋನವೆಂದರೆ ತಿರುಗುವಿಕೆಯ ಅಳತೆ ಎಂಬುದು ಅದಕ್ಕೆ ಇನ್ನೂ ಮನದಟ್ಟಾಗಿಲ್ಲವೆಂಬ ಸಂಗತಿ ಪರೀಕ್ಷೆಯಲ್ಲಿ ಬಯಲಾಗುತ್ತಿರಲಿಲ್ಲ. ಆಮೆ ಅದನ್ನು ಬಯಲು ಮಾಡಿತು. ಮೇಲಾಗಿ, ಬಯಲು ಮಾಡಿದ್ದು ಮಗುವಿಗೆ ಅವಮಾನವಾಗುವಂತೆ ಅಲ್ಲ. ಕೆಂಪು ಶಾಯಿಯ ಗುರುತಿಲ್ಲ. ಕಣ್ಣೆದುರಿಗೆ ಒಂದು ಚಿತ್ರವಿದೆ, ಅದು ಬಯಸಿದಂತೆ ಬಂದಿಲ್ಲ, ತಿದ್ದಬೇಕು. ಪೇಪರ್ಟ್ ೧೯೮೦ರಲ್ಲಿ ಪ್ರಕಟಿಸಿದ ‘ಮೈಂಡ್‌ಸ್ಟಾರ್ಮ್ಸ್’ ಎಂಬ ಗ್ರಂಥದಲ್ಲಿ ತಪ್ಪಿನ ವಿಷಯದಲ್ಲಿ ಉಂಟಾಗುವ ಈ ಮನೋಭಾವದ ಬದಲಾವಣೆಗೆ ಬಹಳ ಮಹತ್ತ್ವವನ್ನು ಕೊಟ್ಟಿದ್ದಾನೆ.

೩

ಮಕ್ಕಳು ತಮ್ಮ ಕಲಿಕೆಯನ್ನು ತೋರಿಸುವುದಕ್ಕೆ ಯಂತ್ರ ಹೇಗೆ ಒದಗಬಲ್ಲುದೆಂಬುದನ್ನು ವಿಸ್ತಾರವಾಗಿ ಪರೀಕ್ಷಿಸಿದವಳು ಪೇಪರ್ಟನ ಶಿಷ್ಯೆಯಾದ ಇಡಿತ್ ಹರೆಲ್. ಬಾಸ್ಟನ್ ನಗರದ ಹೆನಿಗನ್ ಶಾಲೆ ಎಂಬ ಸಾರ್ವಜನಿಕ ಪ್ರಾಥಮಿಕ ಶಾಲೆಯಲ್ಲಿ ೧೯೮೦ರ ದಶಕದ ಉತ್ತರಾರ್ಧದಲ್ಲಿ ನಡೆದ ಈ ಪ್ರಯೋಗದ ವಿವರಗಳು ೧೯೯೧ರಲ್ಲಿ ‘ಚಿಲ್ಡ್ರನ್ ಡಿಸೈನರ್ಸ್’ ಎಂಬ ಗ್ರಂಥವಾಗಿ ಹೊರಬಂದವು. ನಾಲ್ಕನೆಯ ತರಗತಿಯ ೧೭ ಮಕ್ಕಳಿಗೆ ಅವಳು ಕೊಟ್ಟ ಕೆಲಸ ಸರಳವಾದುದು: ನಿಮಗಿಂತ ಚಿಕ್ಕ ತರಗತಿಯ ಮಕ್ಕಳಿಗೆ ಭಿನ್ನರಾಶಿಯನ್ನು ಕಲಿಸುವ ಪಾಠವೊಂದನ್ನು ಲೋಗೊ ಭಾಷೆಯಲ್ಲಿ ನೀವೇ ರಚಿಸಿರಿ. ಹೀಗೆಯೇ ರಚಿಸಬೇಕೆಂಬ ಕಟ್ಟುಪಾಡಿಲ್ಲ. ಹಲವು ತಿಂಗಳು ಮಕ್ಕಳು ಈ ಕೆಲಸದಲ್ಲಿ ತೊಡಗಿದ್ದರು. ಪ್ರತಿಯೊಬ್ಬರಿಗೂ ಒಂದು ನೋಟುಪುಸ್ತಕ. ಗಣಕಯಂತ್ರದ ಮುಂದೆ ಕೂರುವ ಮುನ್ನ ಅಂದಿನ ಯೋಜನೆಯನ್ನೂ, ಎದ್ದ ಮೇಲೆ ಆದ ಕೆಲಸವನ್ನೂ ಬಂದ ತೊಡಕುಗಳನ್ನೂ ಅದರಲ್ಲಿ ಬರೆಯಬೇಕಾಗಿತ್ತು.

ಭಿನ್ನರಾಶಿಯನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಮಕ್ಕಳು ಲೆಕ್ಕವನ್ನು ಮಾಡಬಲ್ಲರು, ಅರ್ಥವನ್ನು ಹಿಡಿಯಲಾರರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಎಂಟು ಆರಕ್ಕಿಂತ ದೊಡ್ಡದಾದುದರಿಂದ ಎಂಟರಲ್ಲೊಂದು ಭಾಗ ಆರರಲ್ಲೊಂದು ಭಾಗಕ್ಕಿಂತ ದೊಡ್ಡದು ಎನ್ನುವ ಮಗುವನ್ನು ಕಾಣದ ಉಪಾಧ್ಯಾಯರಾರು? ದುಂಡಗಿನ ಆಕೃತಿಯೊಂದನ್ನು ಗೆರೆಯಿಂದ ಹೋಳು ಮಾಡಿ ಒಂದು ಹೋಳಿಗೆ ಬಣ್ಣ ಬಳಿದರೆ ಅದೇ ಭಿನ್ನರಾಶಿ, ಬೇರೆಲ್ಲಿಯೂ ಅದಿಲ್ಲ ಎಂದೂ ಎಷ್ಟೋ ಮಕ್ಕಳು ತಿಳಿದಿರುತ್ತಾರೆ.

ಆ ತರಗತಿಯಲ್ಲಿದ್ದ ಒಬ್ಬ ಬಾಲಕಿಯ ವೃತ್ತಾಂತ ಶಿಕ್ಷಣಸಾಹಿತ್ಯದಲ್ಲಿ ಪ್ರಸಿದ್ಧವಾಗಿದೆ. ಮೊದಮೊದಲು ಅವಳಿಗೂ ಭಿನ್ನರಾಶಿಯೆಂದರೆ ಬಣ್ಣ ಬಳಿದ ಹೋಳೇ ಆಗಿತ್ತು. ಚಿಕ್ಕವರಿಗೆ ಏನು ಹೇಳಿಕೊಡಲಿ ಎಂದು ಯೋಚಿಸುತ್ತ ಹೋದಂತೆ ಅವಳ ದೃಷ್ಟಿ ಬದಲಾಯಿತು. ಅವಳು ರಚಿಸಿದ ದೃಶ್ಯಗಳಲ್ಲೊಂದರಲ್ಲಿ ಮನೆಯಿದೆ, ಸೂರ್ಯನಿದ್ದಾನೆ, ಗಾಡಿಯಿದೆ. ಎಲ್ಲದರ ಅರ್ಧಕ್ಕೂ ಬಣ್ಣ ತುಂಬಿದೆ. ದಿನನಿತ್ಯದ ಬದುಕಿನಲ್ಲಿ ಎಲ್ಲೆಲ್ಲಿಯೂ ಭಿನ್ನರಾಶಿಯುಂಟು, ಅದನ್ನು ವಸ್ತುಗಳ ಮೇಲೆ ನಾವು ಇಟ್ಟು ನೋಡಬಹುದು ಎಂಬುದನ್ನು ಅವಳು ಚಿಕ್ಕವರಿಗೆ ತಿಳಿಸಬಯಸಿದಳು. ಯಾವ ಪಠ್ಯಪುಸ್ತಕವೂ ಅವಳಿಗೆ ಈ ಮಾತನ್ನು ಹೇಳಿಕೊಟ್ಟಿರಲಿಲ್ಲ. ಯಾವ ಪ್ರಶ್ನಪತ್ರಿಕೆಯೂ ಅವಳಿಂದ ಇದನ್ನು ಹೊರಡಿಸುತ್ತಿರಲಿಲ್ಲ. ಪ್ರಯೋಗದ ಕೊನೆಯಲ್ಲಿ ಸಾಧಾರಣ ಪರೀಕ್ಷೆಗಳನ್ನೇ ಕೊಟ್ಟು ಬೇರೆ ಎರಡು ತರಗತಿಗಳೊಡನೆ ಹೋಲಿಸಿ ನೋಡಿದಾಗ, ಈ ಮಕ್ಕಳು ಭಿನ್ನರಾಶಿಯಲ್ಲಿಯೂ ಲೋಗೊ ಭಾಷೆಯಲ್ಲಿಯೂ ಅವರಿಗಿಂತ ಮುಂದಿದ್ದುದು ಕಂಡುಬಂದಿತು.

ಇದರಿಂದ ನಾವು ಗ್ರಹಿಸಬೇಕಾದ ತತ್ತ್ವ ಎರಡು. ಕಲಿತುದನ್ನು ತೋರಿಸುವ ಕೆಲಸ ಕಲಿಕೆ ಮುಗಿದಮೇಲೆ ನಡೆಯುವ ತಪಾಸಣೆಯಾಗಿರಬೇಕಾಗಿಲ್ಲ. ತೋರಿಸುವುದರಲ್ಲಿಯೇ ಕಲಿಕೆ ಪೂರ್ಣವಾಗುತ್ತದೆ. ಎರಡನೆಯದಾಗಿ, ಉಪಾಧ್ಯಾಯರಿಗೆ ತೋರಿಸುವುದಕ್ಕೂ ತನಗಿಂತ ಚಿಕ್ಕವರಿಗೆ ತೋರಿಸುವುದಕ್ಕೂ ಮಗುವಿನ ಮನಸ್ಸಿನಲ್ಲಿ ಬಹಳ ವ್ಯತ್ಯಾಸವಿದೆ. ಉಪಾಧ್ಯಾಯರಿಗೆ ಗೊತ್ತಿರುವುದನ್ನು ಅವರಿಗೇ ಮತ್ತೆ ಹೇಳುವುದರಲ್ಲಿ ಏನು ಸ್ವಾರಸ್ಯ? ಗೊತ್ತಿಲ್ಲದವರಿಗೆ ಹೇಳುವಾಗಲಾದರೆ ಮಗು ಮೊದಲು ತನಗೇ ಹೇಳಿಕೊಳ್ಳಬೇಕಾಗುತ್ತದೆ.

೪

ಇಷ್ಟನ್ನು ಓದಿ, ಮಕ್ಕಳಿಂದ ಏನಾದರೊಂದನ್ನು ಗಣಕಯಂತ್ರದಲ್ಲಿ ಮಾಡಿಸಿಬಿಟ್ಟರೆ ಸಾಕೆಂದು ಯಾರಾದರೂ ಭಾವಿಸಿದರೆ ಅದು ಅವಸರದ ತೀರ್ಮಾನ. ಮಾಡಿದ ವಸ್ತು ಚೆನ್ನಾಗಿದೆಯೆಂದ ಮಾತ್ರಕ್ಕೆ ಮಾಡಿದವರಿಗೆ ಅದು ತಿಳಿದಿದೆಯೆನ್ನಬಹುದೆ? ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದುದು ಲೋಗೊವಿನ ಸಂತತಿಯಾದ ಸ್ಕ್ರ್ಯಾಚ್ ಎಂಬ ಸಾಧನದ ಸಂದರ್ಭದಲ್ಲಿ.

ಮ್ಯಾಸಚೂಸೆಟ್ಸ್ ತಂತ್ರವಿದ್ಯಾ ಸಂಸ್ಥೆಯ ಮಾಧ್ಯಮ ಪ್ರಯೋಗಾಲಯದಲ್ಲಿ ಮಿಚೆಲ್ ರೆಸ್ನಿಕ್ ಮತ್ತು ಸಂಗಡಿಗರು ಇದನ್ನು ರಚಿಸಿ ೨೦೦೭ರಲ್ಲಿ ಸಾರ್ವಜನಿಕರಿಗೆ ಒದಗಿಸಿದರು. ಅಪ್ಪಣೆಗಳನ್ನು ಬೆರಳಚ್ಚು ಮಾಡಬೇಕಾಗಿಲ್ಲ. ಬಣ್ಣದ ಇಟ್ಟಿಗೆಗಳಂತಿರುವ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದರೆ ಪರದೆಯ ಮೇಲಿನ ಬೊಂಬೆಗಳು ನಡೆಯುತ್ತವೆ, ಮಾತಾಡುತ್ತವೆ. ಅಕ್ಷರಾಭ್ಯಾಸ ಇನ್ನೂ ಮುಗಿಯದ ಐದರಿಂದ ಏಳು ವರ್ಷದವರಿಗಾಗಿ ಸ್ಕ್ರ್ಯಾಚ್ ಜೂನಿಯರ್ ಎಂಬ ಇನ್ನೊಂದು ರೂಪ ೨೦೧೪ರಲ್ಲಿ ಬಂದಿತು. ಅದರಲ್ಲಿ ಅಪ್ಪಣೆಗಳೆಲ್ಲ ಚಿತ್ರರೂಪದಲ್ಲಿವೆ. ಮಗು ತನ್ನ ಧ್ವನಿಯನ್ನು ಮುದ್ರಿಸಿ ಬೊಂಬೆಯ ಬಾಯಲ್ಲಿ ಇಡಬಹುದು.

ಸ್ಕ್ರ್ಯಾಚಿನಲ್ಲಿ ಇತರರು ಮಾಡಿದ ಕೆಲಸವನ್ನು ತೆಗೆದುಕೊಂಡು ಮಾರ್ಪಡಿಸಲು ಅವಕಾಶವಿದೆ. ಇದು ಅದರ ದೊಡ್ಡ ಗುಣ. ಮೌಲ್ಯನಿರ್ಣಯದ ದೃಷ್ಟಿಯಿಂದ ಇದೇ ಅದರ ದೊಡ್ಡ ತೊಡಕು. ಕ್ಯಾರೆನ್ ಬ್ರೆನನ್ ಮತ್ತು ರೆಸ್ನಿಕ್ ೨೦೧೨ರಲ್ಲಿ ಮಂಡಿಸಿದ ಪ್ರಬಂಧದಲ್ಲಿ ಮೂರು ಮಾರ್ಗಗಳನ್ನು ತೂಗಿ ನೋಡಿದ್ದಾರೆ. ಮಗು ಮಾಡಿದ ಕೆಲಸಗಳನ್ನೆಲ್ಲ ಕೂಡಿಸಿ ಅದರಲ್ಲಿ ಯಾವ ಯಾವ ತುಂಡುಗಳು ಎಷ್ಟು ಸಲ ಬಂದಿವೆಯೆಂದು ಎಣಿಸುವುದು ಮೊದಲನೆಯದು. ಮಗುವನ್ನು ಹತ್ತಿರ ಕೂರಿಸಿಕೊಂಡು, ಅದು ಮಾಡಿದುದನ್ನೇ ಮುಂದಿಟ್ಟು, ಹೇಗೆ ಮಾಡಿದೆ, ಏಕೆ ಹೀಗೆ ಮಾಡಿದೆ ಎಂದು ವಿಚಾರಿಸುವುದು ಎರಡನೆಯದು. ಬೇರೆ ಯಾರೋ ಮಾಡಿದಂತಿರುವ ಕೆಲಸವೊಂದನ್ನು ಕೊಟ್ಟು, ಇದು ಏನು ಮಾಡುತ್ತದೆಂದು ವಿವರಿಸು, ಇದನ್ನು ಹೇಗೆ ಬೆಳೆಸಬಹುದು ಹೇಳು, ಇದರಲ್ಲಿರುವ ದೋಷವನ್ನು ತಿದ್ದು, ಇದಕ್ಕೆ ಹೊಸದೊಂದನ್ನು ಸೇರಿಸು ಎಂದು ಕೇಳುವುದು ಮೂರನೆಯದು.

ಮೊದಲನೆಯ ಮಾರ್ಗ ಸುಲಭ, ಯಂತ್ರವೇ ಎಣಿಸಿಕೊಡುತ್ತದೆ. ಆದರೆ ಕೆಲಸದಲ್ಲಿ ಬಂದಿರುವ ತುಂಡಿನ ಕೆಲಸವೇನೆಂದು ಅದನ್ನು ಬಳಸಿದ ಮಗುವಿಗೇ ಹೇಳಲು ಬಾರದಿದ್ದ ಪ್ರಸಂಗಗಳು ಎರಡನೆಯ ಮಾರ್ಗದಲ್ಲಿ ಹೊರಬಿದ್ದವು. ಬೇರೊಬ್ಬರ ಕೆಲಸದಿಂದ ಅದು ಇಡಿಯಾಗಿ ಬಂದಿರಬಹುದು; ಕೈಗೆ ಸಿಕ್ಕುದನ್ನು ಜೋಡಿಸಿ ನೋಡುವಾಗ ಆಕಸ್ಮಿಕವಾಗಿ ಕೂಡಿರಬಹುದು. ನಮ್ಮ ಶಾಲೆಗಳ ವಸ್ತುಪ್ರದರ್ಶನದಲ್ಲಿ ತಂದೆತಾಯಿಗಳು ರಾತ್ರಿಯೆಲ್ಲ ಕುಳಿತು ಮಾಡಿಕೊಟ್ಟ ಮಾದರಿಗಳನ್ನು ಕಂಡವರಿಗೆ ಈ ಮಾತು ಹೊಸದೇನೂ ಅಲ್ಲ. ಇಂದು ಕೇಳಿದ ಚಿತ್ರವನ್ನೂ ಪ್ರಬಂಧವನ್ನೂ ಕ್ಷಣದಲ್ಲಿ ತಯಾರಿಸಿಕೊಡುವ ಕೃತಕ ಬುದ್ಧಿಯ ಸಾಧನಗಳು ಮನೆಮನೆಗೆ ಬಂದಿರುವುದರಿಂದ ಈ ಸಂಶಯ ನೂರ್ಮಡಿಯಾಗಿದೆ.

ಹಾಗಾದರೆ ಪ್ರಮಾಣವಾವುದು? ನೀರಿನ ಚಕ್ರವನ್ನು ಕುರಿತು ಮಗುವೊಂದು ಚಲಿಸುವ ಚಿತ್ರವನ್ನು ಮಾಡಿದೆ ಎಂದು ಇಟ್ಟುಕೊಳ್ಳೋಣ. ಸೂರ್ಯ ಹೊಳೆಯುತ್ತಾನೆ, ಮೋಡ ಬರುತ್ತದೆ, ಮಳೆ ಬೀಳುತ್ತದೆ, ಹೊಳೆ ಹರಿಯುತ್ತದೆ. ಚಿತ್ರ ಅಂದವಾಗಿದೆ. ಉಪಾಧ್ಯಾಯರು ಕೇಳುತ್ತಾರೆ: ‘ಈ ಮೋಡ ಎಲ್ಲಿಂದ ಬಂತು?’ ‘ಆಚೆ ಕಡೆಯಿಂದ ಬಂತು’ ಎಂದು ಮಗು ಪರದೆಯ ಅಂಚನ್ನು ತೋರಿಸುತ್ತದೆ. ಆವಿಯಾಗುವಿಕೆ ಎಂಬ ಪದ ಅದಕ್ಕೆ ಬರಬಹುದು, ಅದರ ಚಿತ್ರದಲ್ಲಿ ಮಾತ್ರ ಅದಕ್ಕೆ ಸ್ಥಳವಿಲ್ಲ. ‘ಸೂರ್ಯನನ್ನು ತೆಗೆದುಬಿಟ್ಟರೆ ನಿನ್ನ ಚಿತ್ರದಲ್ಲಿ ಏನಾಗಬೇಕು? ಹಾಗೆ ಮಾಡಿ ತೋರಿಸು’ ಎಂದರೆ ಆಗ ನಿಜವಾದ ಕಲಿಕೆ ಆರಂಭವಾಗುತ್ತದೆ. ಚಿತ್ರವೊಂದೇ ಪ್ರಮಾಣವಲ್ಲ, ಮಗುವಿನ ಮಾತೊಂದೇ ಪ್ರಮಾಣವಲ್ಲ. ಚಿತ್ರವನ್ನು ಮುಂದಿಟ್ಟುಕೊಂಡು ನಡೆಯುವ ಪ್ರಶ್ನೋತ್ತರ, ಅದರ ಫಲವಾಗಿ ಚಿತ್ರದಲ್ಲಿ ಆಗುವ ಬದಲಾವಣೆ, ಇವೆರಡೂ ಸೇರಿ ಪ್ರಮಾಣ. ಯಂತ್ರದಿಂದ ಉಪಾಧ್ಯಾಯರ ಕೆಲಸ ಕಡಮೆಯಾಗುತ್ತದೆಂದು ಹೇಳುವವರು ಈ ಅಂಶವನ್ನು ಮರೆಯುತ್ತಾರೆ. ಕೆಲಸ ಕಡಮೆಯಾಗುವುದಿಲ್ಲ, ತಿದ್ದುವುದರಿಂದ ಕೇಳುವುದಕ್ಕೆ ಬದಲಾಗುತ್ತದೆ.

೫

ಗಣಕಭಾಷೆಯ ಕಡೆಗೆ ಹೋಗದೆ, ಸಾಮಾನ್ಯ ಮೊಬೈಲಿನಲ್ಲಿರುವ ಧ್ವನಿಮುದ್ರಣ ಮತ್ತು ಛಾಯಾಗ್ರಹಣಗಳಿಂದಲೇ ಸಾಧ್ಯವಾಗುವ ಕೆಲಸಗಳೂ ಇವೆ. ಇವುಗಳಲ್ಲಿ ಮುಖ್ಯವಾದುದು ಧ್ವನಿ. ಓದುವಿಕೆ ಕಾಲದಲ್ಲಿ ನಡೆದು ಮಾಯವಾಗುವ ಕ್ರಿಯೆ. ಜೂನ್ ತಿಂಗಳಲ್ಲಿ ಅಕ್ಷರ ಅಕ್ಷರವಾಗಿ ಕೂಡಿಸಿ ಓದುತ್ತಿದ್ದ ಮಗು ಫೆಬ್ರುವರಿಯಲ್ಲಿ ಸಲೀಸಾಗಿ ಓದುವಾಗ, ಮೊದಲಿನ ಓದು ಯಾರ ನೆನಪಿನಲ್ಲಿಯೂ ಉಳಿದಿರುವುದಿಲ್ಲ. ತಿಂಗಳಿಗೊಮ್ಮೆ ಒಂದು ನಿಮಿಷದ ಓದನ್ನು ಮುದ್ರಿಸಿ ಇಟ್ಟರೆ, ವರ್ಷದ ಕೊನೆಗೆ ಹತ್ತು ನಿಮಿಷಗಳಲ್ಲಿ ಒಂದು ವರ್ಷದ ಬೆಳವಣಿಗೆಯನ್ನು ಕೇಳಬಹುದು, ಮಗುವೂ ಕೇಳಬಹುದು. ತನ್ನನ್ನು ಪಕ್ಕದವರೊಡನೆ ಹೋಲಿಸಿಕೊಳ್ಳುವ ಬದಲು, ನಿನ್ನೆಯ ತನ್ನೊಡನೆ ಹೋಲಿಸಿಕೊಳ್ಳಲು ಮಗುವಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗಲಾರದು.

ಎರಡನೆಯದು ನಿಧಾನಚಿತ್ರ. ಆಸ್ಟ್ರೇಲಿಯದ ವೊಲೊಂಗಾಂಗ್ ವಿಶ್ವವಿದ್ಯಾನಿಲಯದ ಗ್ಯಾರಿ ಹೋಬನ್ ಎಂಬ ಶಿಕ್ಷಣತಜ್ಞ ರೂಢಿಗೆ ತಂದ ಕ್ರಮವಿದು. ಮಣ್ಣಿನ ಅಥವಾ ಕಾಗದದ ಆಕೃತಿಗಳನ್ನು ಮೇಜಿನ ಮೇಲಿಟ್ಟು, ಸ್ವಲ್ಪ ಸ್ವಲ್ಪವೇ ಸರಿಸುತ್ತ ಒಂದೊಂದು ಛಾಯಾಚಿತ್ರವನ್ನು ತೆಗೆದು, ಸೆಕೆಂಡಿಗೆ ಎರಡರಂತೆ ಓಡಿಸಿ, ಜೊತೆಗೆ ವಿವರಣೆಯನ್ನು ಧ್ವನಿಯಲ್ಲಿ ಸೇರಿಸುವುದು. ಚಲನಚಿತ್ರದಲ್ಲಿ ಸೆಕೆಂಡಿಗೆ ೨೪ ಚಿತ್ರಗಳು ಬೇಕು. ಇಲ್ಲಿ ಎರಡೇ ಆದುದರಿಂದ ಮಕ್ಕಳಿಗೆ ಸಾಧ್ಯ. ಬೀಜ ಮೊಳೆಯುವುದನ್ನು ಹೀಗೆ ಮಾಡುವ ಮಕ್ಕಳು, ಮೊದಲು ಹೊರಬರುವುದು ಬೇರೋ ಚಿಗುರೋ ಎಂಬುದನ್ನು ನಿರ್ಧರಿಸದೆ ಎರಡನೆಯ ಚಿತ್ರವನ್ನೇ ತೆಗೆಯಲಾರರು. ಪಠ್ಯಪುಸ್ತಕದ ಚಿತ್ರದಲ್ಲಿ ಎರಡೂ ಒಟ್ಟಿಗೆ ಇರುವುದರಿಂದ ಏಳದಿದ್ದ ಪ್ರಶ್ನೆ ಇಲ್ಲಿ ಅನಿವಾರ್ಯವಾಗಿ ಏಳುತ್ತದೆ. ಉತ್ತರಕ್ಕಾಗಿ ಅವರು ಒದ್ದೆ ಬಟ್ಟೆಯಲ್ಲಿ ಕಟ್ಟಿದ ಹೆಸರುಕಾಳಿನ ಬಳಿಗೆ ಹೋಗಬೇಕಾಗುತ್ತದೆ.

ಇದಕ್ಕೆ ವಿರುದ್ಧವಾದ ಬಳಕೆಯನ್ನೂ ಹೇಳಬೇಕು. ೨೦೨೦ರಲ್ಲಿ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದಾಗ, ಮನೆಗೆಲಸದ ಪುಟದ ಛಾಯಾಚಿತ್ರವನ್ನು ಮೊಬೈಲಿನಲ್ಲಿ ಕಳುಹಿಸುವ ಪದ್ಧತಿ ಎಲ್ಲೆಡೆ ಹಬ್ಬಿತು. ಸಾಧನ ಡಿಜಿಟಲ್ ಆಗಿದ್ದರೂ ತೋರಿದುದು ಹಳೆಯ ಉತ್ತರಪತ್ರಿಕೆಯೇ. ಹೊಡೆದುಹಾಕಿದ ಗುರುತು, ಅಳಿಸಿದ ಕಲೆ, ಪಕ್ಕದ ಪುಟದ ಲೆಕ್ಕ, ಇವೆಲ್ಲ ನೋಟುಪುಸ್ತಕದಲ್ಲಿ ಉಳಿಯುತ್ತಿದ್ದುವು. ನಕಲು ತೆಗೆದು ಕಳುಹಿಸಿದ ಚೊಕ್ಕ ಪುಟದಲ್ಲಿ ಅವೂ ಇಲ್ಲ. ಸಾಧನ ಹೊಸದಾದ ಮಾತ್ರಕ್ಕೆ ಕಾಣುವುದು ಹೆಚ್ಚಾಗುವುದಿಲ್ಲವೆಂಬುದಕ್ಕೆ ಇಷ್ಟು ಸಾಕು.

೬

ಇನ್ನು ಕನ್ನಡದ ಮಗುವಿನ ವಿಷಯ. ಇಲ್ಲಿ ಏಳುವ ಮೊದಲನೆಯ ತೊಡಕು ಬೆರಳಚ್ಚಿನದು. ಯೂನಿಕೋಡ್ ಸಂಕೇತಪದ್ಧತಿಯಲ್ಲಿ ಕನ್ನಡ ಲಿಪಿಗೆ ೧೯೯೧ರ ಮೊದಲನೆಯ ಆವೃತ್ತಿಯಿಂದಲೇ ಸ್ಥಾನವಿದೆ. ಯಾವ ಯಂತ್ರದಲ್ಲಿಯಾದರೂ ಇಂದು ಕನ್ನಡವನ್ನು ಬರೆಯಬಹುದು. ಆದರೆ ಯಂತ್ರ ಬರೆಯುವ ಕ್ರಮ ಬೇರೆ, ಮಗು ಸ್ಲೇಟಿನ ಮೇಲೆ ಬರೆಯುವ ಕ್ರಮ ಬೇರೆ. ‘ಅಮ್ಮ’ ಎಂದು ಬರೆಯುವ ಮಗು ಮಕಾರವನ್ನು ಬರೆದು ಅದರ ಕೆಳಗೆ ಒತ್ತನ್ನು ಇಡುತ್ತದೆ. ಇನ್‌ಸ್ಕ್ರಿಪ್ಟ್ ಮೊದಲಾದ ಕೀಲಿಮಣೆಗಳಲ್ಲಿ ಮಕಾರ, ಅದರ ಸ್ವರವನ್ನು ಕಳೆಯುವ ಚಿಹ್ನೆ, ಮತ್ತೆ ಮಕಾರ, ಈ ಕ್ರಮದಲ್ಲಿ ಒತ್ತಬೇಕು. ‘ಅರ್ಧ’ ಎಂಬ ಪದದಲ್ಲಂತೂ ಕ್ರಮವೇ ತಿರುಗುಮುರುಗು: ಕೈಬರಹದಲ್ಲಿ ಧಕಾರ ಮೊದಲು, ಅರ್ಕಾವೊತ್ತು ಆಮೇಲೆ, ಯಂತ್ರದಲ್ಲಿ ರಕಾರ ಮೊದಲು, ಧಕಾರ ಆಮೇಲೆ. ರೊಟ್ಟಿಯನ್ನು ಸರಿಯಾಗಿ ಅರ್ಧ ಮಾಡಬಲ್ಲ, ಅರ್ಧದ ಅರ್ಧ ಕಾಲೆಂದು ಹೇಳಬಲ್ಲ ಮಗು ‘ಅರ್ಧ’ ಎಂಬ ಪದವನ್ನು ಯಂತ್ರದಲ್ಲಿ ಮೂಡಿಸಲಾರದೆ ಸೋಲಬಹುದು. ಅದರ ಸೋಲು ಗಣಿತದ್ದಲ್ಲ, ಕಾಗುಣಿತದ್ದೂ ಅಲ್ಲ, ಕೀಲಿಮಣೆಯದು. ಅಳೆಯಬೇಕೆಂದುದನ್ನು ಬಿಟ್ಟು ಬೇರೊಂದನ್ನು ಅಳೆಯುವ ಈ ದೋಷವನ್ನು ಪರೀಕ್ಷಾಶಾಸ್ತ್ರದಲ್ಲಿ ಗಂಭೀರವಾದ ದೋಷವೆಂದು ಎಣಿಸುತ್ತಾರೆ. ಆದುದರಿಂದ ಕೆಳತರಗತಿಗಳಲ್ಲಿ ಧ್ವನಿ, ಚಿತ್ರ, ಕೈಬರಹದ ಛಾಯಾಚಿತ್ರ ಇವುಗಳಿಗೆ ಆದ್ಯತೆ ಕೊಟ್ಟು, ಬೆರಳಚ್ಚನ್ನು ಬೇರೆ ಕೌಶಲವಾಗಿ ಮೇಲಿನ ತರಗತಿಗಳಲ್ಲಿ ಕಲಿಸುವುದು ಯುಕ್ತವೆಂದು ನಮಗೆ ತೋರುತ್ತದೆ.

ಧ್ವನಿಗೆ ಆದ್ಯತೆ ಕೊಡಬೇಕೆನ್ನಲು ಇನ್ನೊಂದು ಕಾರಣವೂ ಇದೆ. ಮನೆಯಲ್ಲಿ ಕೊಡವ, ತುಳು, ಕೊಂಕಣಿ, ಲಂಬಾಣಿ, ಉರ್ದು ಮಾತನಾಡುವ ಮಕ್ಕಳೂ, ಧಾರವಾಡದ ಅಥವಾ ಚಾಮರಾಜನಗರದ ಆಡುನುಡಿಯಲ್ಲಿ ಬೆಳೆದ ಮಕ್ಕಳೂ ಗ್ರಂಥಸ್ಥ ಕನ್ನಡದಲ್ಲಿ ಉತ್ತರ ಬರೆಯುವಾಗ ತಮ್ಮ ತಿಳಿವಳಿಕೆಯಲ್ಲಿ ಅರ್ಧವನ್ನು ದಾರಿಯಲ್ಲಿಯೇ ಕಳೆದುಕೊಳ್ಳುತ್ತಾರೆ. ತಮ್ಮ ನುಡಿಯಲ್ಲಿಯೇ ಹೇಳಿ ಮುದ್ರಿಸಲು ಬಿಟ್ಟರೆ, ವಿಷಯ ತಿಳಿದಿದೆಯೆ ಎಂಬ ಪ್ರಶ್ನೆಯನ್ನೂ ಶಿಷ್ಟಭಾಷೆ ಬಂದಿದೆಯೆ ಎಂಬ ಪ್ರಶ್ನೆಯನ್ನೂ ಬೇರೆ ಬೇರೆಯಾಗಿ ನೋಡಬಹುದು.

ನಮ್ಮಲ್ಲಿ ಇದಕ್ಕೆ ನೆಲ ಸಿದ್ಧವಾಗಿಲ್ಲವೆಂದು ಹೇಳುವಂತಿಲ್ಲ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ–ಕಲಿ ಪದ್ಧತಿಯಲ್ಲಿ, ಮಗು ಕಲಿಕಾ ಏಣಿಯ ಮೆಟ್ಟಿಲುಗಳನ್ನು ತನ್ನದೇ ವೇಗದಲ್ಲಿ ಹತ್ತುತ್ತದೆ. ಯಾವ ಮೆಟ್ಟಿಲಿನಲ್ಲಿದ್ದೇನೆಂಬುದು ಅದಕ್ಕೇ ತಿಳಿದಿರುತ್ತದೆ. ಆಂಧ್ರಪ್ರದೇಶದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಸ್ಫೂರ್ತಿ ಪಡೆದು ಉಪಾಧ್ಯಾಯರೇ ರೂಪಿಸಿದ ಈ ಪದ್ಧತಿಯಲ್ಲಿ ಯಂತ್ರವಾವುದೂ ಇರಲಿಲ್ಲ. ಕಾರ್ಡುಗಳು, ಗೋಡೆಯ ಕೆಳಭಾಗದ ಕಪ್ಪುಹಲಗೆ, ಗುಂಪುಗಳು, ಇಷ್ಟೆ. ೨೦೦೯–೧೦ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೆ ವಿಸ್ತರಿಸಿತು. ಮಗುವಿನ ಬೆಳವಣಿಗೆಯನ್ನು ಮಗುವಿಗೇ ಕಾಣುವಂತೆ ಮಾಡಬೇಕೆಂಬ ಅದರ ತತ್ತ್ವವೂ ಮೇಲೆ ಹೇಳಿದ ಸಾಧನಗಳ ತತ್ತ್ವವೂ ಒಂದೇ. ಅಂಥ ತರಗತಿಗೆ ಧ್ವನಿಮುದ್ರಣವೊಂದು ಸೇರಿದರೆ ಅದು ಹೊರಗಿನಿಂದ ಬಂದ ಅತಿಥಿಯಂತೆ ಕಾಣಲಾರದು.

೭

ಆಚರಣೆಯ ಮಾತು ಬಂದಾಗ, ನಲವತ್ತು ಮಕ್ಕಳಿಗೆ ಒಂದೇ ಸಾಧನವಿರುವ ಶಾಲೆಯನ್ನೇ ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಅಂಥಲ್ಲಿ ನಾಲ್ಕೈದು ಮಕ್ಕಳ ಗುಂಪಿಗೆ ಸರದಿಯಂತೆ ಸಾಧನವನ್ನು ಕೊಡಬಹುದು. ಉಳಿದವರು ಅಷ್ಟು ಹೊತ್ತು ಕಾಗದದ ಮೇಲೆ ತಮ್ಮ ಚಿತ್ರದ ಯೋಜನೆಯನ್ನು ಮಾಡುತ್ತಿರಬೇಕು. ಹರೆಲಳ ಮಕ್ಕಳು ಯಂತ್ರದಷ್ಟೇ ನೋಟುಪುಸ್ತಕವನ್ನೂ ಬಳಸಿದರೆಂಬುದನ್ನು ಇಲ್ಲಿ ನೆನೆಯಬೇಕು. ಗುಂಪಿನಲ್ಲಿ ಯಾರೋ ಒಬ್ಬ ಚುರುಕಾದವನೇ ಎಲ್ಲವನ್ನೂ ಮಾಡಿಬಿಡುವ ಅಪಾಯವಿರುವುದರಿಂದ, ಕೆಲಸ ಮುಗಿದಮೇಲೆ ಪ್ರಶ್ನೆಯನ್ನು ಗುಂಪಿಗೆ ಕೇಳದೆ ಒಬ್ಬೊಬ್ಬರಿಗೆ ಕೇಳಬೇಕು. ಎಲ್ಲವನ್ನೂ ಮುದ್ರಿಸಬೇಕಾಗಿಲ್ಲ, ಎಲ್ಲವನ್ನೂ ಉಳಿಸಬೇಕಾಗಿಲ್ಲ. ಯಾವುದನ್ನು ಉಳಿಸಬೇಕೆಂದು ಆರಿಸುವ ಹಕ್ಕು ಮಗುವಿಗೂ ಇರಲಿ. ಏಕೆ ಇದನ್ನು ಆರಿಸಿದೆ ಎಂಬ ಪ್ರಶ್ನೆಗೆ ಅದು ಕೊಡುವ ಉತ್ತರವೂ ಒಂದು ಪ್ರಮಾಣವೇ.

ಉಳಿಸುವ ವಿಷಯದಲ್ಲಿ ಎಚ್ಚರಿಕೆಯೂ ಬೇಕು. ಸ್ಲೇಟಿನ ಮೇಲಿನ ತಪ್ಪು ಅಂಗೈಯಿಂದ ಒರಸಿದರೆ ಹೋಗುತ್ತಿತ್ತು. ಡಿಜಿಟಲ್ ದಾಖಲೆ ಹಾಗಲ್ಲ. ಎಲ್ಲಿಯೋ ಇರುವ ಯಂತ್ರದಲ್ಲಿ ಮಗುವಿನ ಮುಖ, ಧ್ವನಿ, ತೊದಲು ವರ್ಷಗಟ್ಟಲೆ ಉಳಿದುಬಿಡುತ್ತವೆ. ಹದಿನೆಂಟು ವರ್ಷದೊಳಗಿನವರ ವೈಯಕ್ತಿಕ ಮಾಹಿತಿಗೆ ತಂದೆತಾಯಿಗಳ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆಂಬುದನ್ನು ಭಾರತದ ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಸಾಮಾನ್ಯ ನಿಯಮವಾಗಿ ಇಟ್ಟುಕೊಂಡಿದೆ. ಕಾಯಿದೆಯ ಮಾತು ಹಾಗಿರಲಿ, ತಪ್ಪುಮಾಡಿ ಮರೆಯುವ ಸ್ವಾತಂತ್ರ್ಯ ಕಲಿಕೆಗೆ ಅತ್ಯವಶ್ಯಕವಾದುದು. ಶಾಲೆಯ ಸಾಧನದಲ್ಲಿಯೇ ಇಟ್ಟು, ವರ್ಷದ ಕೊನೆಯಲ್ಲಿ ಮಗುವಿನ ಮನೆಯವರಿಗೆ ಒಪ್ಪಿಸಿ, ಅನಂತರ ಅಳಿಸಿಹಾಕುವುದು ಸರಳವಾದ, ಗೌರವಯುತವಾದ ಕ್ರಮ. ಮಗುವಿನ ಮುದ್ರಣಗಳನ್ನು ಶಾಲೆಯ ಪ್ರಚಾರಕ್ಕ ಬಳಸುವುದಂತೂ ಸರ್ವಥಾ ಸಲ್ಲದು.

೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ೨೯ನೆಯ ವಿಭಾಗವು ಮಗುವಿನ ತಿಳಿವಳಿಕೆಯನ್ನೂ ಅದನ್ನು ಅನ್ವಯಿಸುವ ಶಕ್ತಿಯನ್ನೂ ಸಮಗ್ರವಾಗಿ, ನಿರಂತರವಾಗಿ ಅಳೆಯಬೇಕೆಂದು ವಿಧಿಸಿತು. ಆ ವಿಧಿ ಅನೇಕ ಕಡೆ ನಮೂನೆಗಳನ್ನು ತುಂಬುವ ಕೆಲಸವಾಗಿ ಇಳಿದುಹೋದುದಕ್ಕೆ ಕಾರಣ ಉಪಾಧ್ಯಾಯರ ಸೋಮಾರಿತನವಲ್ಲ; ತಿಳಿವಳಿಕೆ ಎಲ್ಲಿ, ಯಾವ ರೂಪದಲ್ಲಿ ಕಾಣುತ್ತದೆಂಬುದನ್ನು ಅವರಿಗೆ ಯಾರೂ ತೋರಿಸಿಕೊಡಲಿಲ್ಲ. ಮುಂದೆ ಉಪಾಧ್ಯಾಯರಾಗತಕ್ಕ ವಿದ್ಯಾರ್ಥಿಗಳನ್ನು ತಯಾರಿಸುವ ಕಾಲೇಜುಗಳ ಹೊಣೆ ಇಲ್ಲಿಯೇ ಇದೆ. ಯಾವ ಗುಂಡಿಯನ್ನು ಒತ್ತಬೇಕೆಂಬುದನ್ನು ಅವರು ಒಂದು ಮಧ್ಯಾಹ್ನದಲ್ಲಿ ಕಲಿಯಬಲ್ಲರು. ಮಗು ಮಾಡಿ ತಂದುದನ್ನು ನೋಡಿ, ‘ಚೆನ್ನಾಗಿದೆ’ ಎಂದು ಕಳುಹಿಸಿಬಿಡದೆ, ‘ಈ ಮೋಡ ಎಲ್ಲಿಂದ ಬಂತು?’ ಎಂದು ಕೇಳಿ, ಉತ್ತರಕ್ಕಾಗಿ ತಾಳ್ಮೆಯಿಂದ ಕಾಯುವುದನ್ನು ಕಲಿಯಲು ಹೆಚ್ಚು ಕಾಲ ಬೇಕು. ಆ ಕಾಲವನ್ನು ನಮ್ಮ ಕಾಲೇಜುಗಳು ಕೊಡಬೇಕು.